ರೇಷ್ಮೆ ಶಾಲಿನ ಕಲೆ

"ಬಾಲ್ಕನಿ ಇರೋ ಕೋಣೆನೇ ಬೇಕು. ಬಾಗಿಲು ತೆಗೆದ್ರೆ ಕಡಲು ಕಾಣ್ಬೇಕು. ಮಿಕ್ಕಿದ್ದು ಹೇಗಿದ್ರೂ ನಡೆಯುತ್ತೆ." ಟ್ರಾವೆಲ್ ಏಜೆಂಟ್ ಹೆಂಗಸಿನ ಮೇಜಿನ ಮುಂದೆ ಇನ್ನೂ ಕೂರುವ ಮೊದಲೇ ಆಕೆ ಹೇಳಿಬಿಟ್ಟಳು.

ಜೊತೆಗೆ ಬಂದಿದ್ದ ಮಗಳು ಹಣೆ ಚಚ್ಚಿಕೊಂಡಳು. "ಅಮ್ಮಾ, ಫೋನಲ್ಲೇ ಒತ್ತಿದ್ರೆ ಮುಗೀತಿತ್ತು. ನೋಡಿ ಮೇಡಂ, ಅದೇ ಹಡಗು, ಕಡಲ ಕಡೆ ಕೋಣೆ, ಅರ್ಧ ರೇಟು. ಇವಳಿಗೆ ಮನುಷ್ಯರ ಮುಖ ನೋಡ್ದೆ ವ್ಯಾಪಾರ ಮಾಡಿದ್ರೆ ನಿದ್ದೆ ಬರಲ್ಲ."

ಏಜೆಂಟ್ ಫೋನು ಇಸಿದುಕೊಂಡು ನೋಡಿ ನಕ್ಕಳು. "ಕಡಲ ಕಡೆನೇ, ಸುಳ್ಳಲ್ಲ. ಆದ್ರೆ ಕಿಟಕಿ ಮುಂದೆ ಒಂದು ರಕ್ಷಣಾ ದೋಣಿ ತೂಗುಹಾಕಿದ್ದಾರೆ. ಬೆಳಗ್ಗೆ ಎದ್ದು ಆ ದೋಣಿ ಹೊಟ್ಟೆ ನೋಡ್ಕೊಂಡು ಕಾಫಿ ಕುಡೀಬೇಕು. ನಾನೇ ಆ ಕೋಣೇಲಿ ಮಲಗಿ, ಮೋಸ ಹೋಗಿ ಬಂದೋಳು ಕಣಮ್ಮ. ಫೋನು ಮಲಗಿ ಬಂದಿದ್ಯಾ?"

ಏಜೆಂಟ್ ಹಡಗಿನ ನಕ್ಷೆಯನ್ನು ಮೇಜಿನ ಮೇಲೆ ಹಾಸಿದಳು. ಮಧ್ಯಾಹ್ನದ ಬಿಸಿಲು ಗೋಡೆಯ ಮೇಲಿದ್ದ ಕಡಲಿನ ಚಿತ್ರದ ಮೇಲೆ ಬಿದ್ದು, ಫ್ಯಾನಿನ ಗಾಳಿಗೆ ಅದರ ಅಂಚು ಎದ್ದು ಎದ್ದು ಮಲಗುತ್ತಿತ್ತು. ನೋಡುತ್ತ ನೋಡುತ್ತ ತಾಯಿಗೆ ಕುರ್ಚಿ ಮೆಲ್ಲಗೆ ತೂಗಿದ ಹಾಗಾಯಿತು. ಬೀದಿಯ ಹಾರ್ನುಗಳೆಲ್ಲ ನೀರಿನಡಿಯಿಂದ ಕೇಳಿಸಿದವು. ಆಕೆಯ ಬೆರಳು ನಕ್ಷೆಯ ಮೇಲೆ ಈಜುಕೊಳ ದಾಟಿತು, ನಾಟಕಶಾಲೆ ದಾಟಿತು, ಇಳಿಯುತ್ತ ಇಳಿಯುತ್ತ ಕಾಗದ ಮುಗಿದಲ್ಲಿ ಮೇಜಿನ ಬರೀ ಮರದ ಮೇಲೆ ನಿಂತಿತು.

"ಇದರ ಕೆಳಗೆ?"

"ಕೆಳಗೆ ಏನಿಲ್ಲ. ಅಂದ್ರೆ, ಪ್ರಯಾಣಿಕರಿಗೆ ಏನಿಲ್ಲ."

"ಇದೆ. ಬಟ್ಟೆ ಒಗೆಯೋ ಜಾಗ ಇದೆ. ಮೊದಲು ನಾನಿದ್ದೆ, ಈಗ ನನ್ನ ತಂಗಿ ಇದಾಳೆ."

ನಕ್ಷೆ ಬರೆದವರು ಅದನ್ನು ಬಿಟ್ಟಿದ್ದರು. ಮೇಲೆ ಮಲಗುವ ಸಾವಿರ ಮೈಗಳ ಹಾಸಿಗೆ ಹೊದಿಕೆಯೆಲ್ಲ ಒಂದು ಕೊಳವೆಯಲ್ಲಿ ಜಾರಿ ಬಂದು ಬೀಳುವ ಆ ಹಬೆಯ ಕೋಣೆಗೆ ಕಿಟಕಿಯೂ ಇಲ್ಲ, ಹಗಲೂ ಇಲ್ಲ. ಕಡಲೆಂದರೆ ಅಲ್ಲಿ ಕಬ್ಬಿಣದ ಗೋಡೆಯಾಚೆ ಯಾರೋ ಉಸಿರೆಳೆಯುವ ಸದ್ದು. ಹಡಗು ದಡ ಮುಟ್ಟಿದ ದಿನ ಮಿಕ್ಕವರು ಸರದಿಯ ಮೇಲೆ ಇಳಿದು ಓಡಾಡಿಯಾರು. ಒಗೆಯುವವರಿಗೆ ಮಾತ್ರ ಅವತ್ತೇ ಮೈಮುರಿಯುವ ದಿನ. ಹಳಬರ ಹಾಸಿಗೆಯೆಲ್ಲ ಕೆಳಗೆ ಬರಬೇಕು, ಹೊಸಬರ ಹಾಸಿಗೆ ಮೇಲೆ ಹೋಗಬೇಕು. ಪಾಳಿ ಮುಗಿಸಿ ನಡುರಾತ್ರಿ, ಕೆಲಸದವರಿಗೆಂದು ಬಿಟ್ಟ ಹಡಗಿನ ತೆರೆದ ಅಂಚಿಗೆ ಬಂದು ನಿಂತರೆ ಕಣ್ಣಿಗೆ ಸಿಗುವುದು ಕಪ್ಪು, ಮೂಗಿಗೆ ಉಪ್ಪು, ಅಷ್ಟೇ.

"ಮೊನ್ನೆ ಫೋನಲ್ಲಿ ಕೇಳ್ತಾಳೆ," ಆಕೆ ನಕ್ಕಳು. "'ಅಕ್ಕಾ, ಕಡಲು ನೀಲಿ ಅಂತಾರಲ್ಲ, ನಿಜಾನಾ? ನಾನು ಕಂಡಿದ್ದು ಟವಲಿಗೆ ಮೆತ್ತಿದ ಕಡಲು ಮಾತ್ರ.' ನಂಗಾದ್ರೂ ಏನು ಗೊತ್ತು? 'ಹೂಂ ಕಣೇ, ನೀಲಿ' ಅಂತ ಕಂಡೋಳ ಹಾಗೆ ಹೇಳ್ದೆ."

ನಗು ಅಲ್ಲಿಗೇ ನಿಂತಿತು. ಹಬೆ ಕುಡಿದು ಕುಡಿದು ತಂಗಿಗೆ ಉಸಿರಿನ ತೊಂದರೆ ಅಂಟಿತ್ತು. ಇದೇ ಕೊನೆಯ ಯಾನ, ಮತ್ತೆ ಹಡಗು ಹತ್ತಿಸುವುದಿಲ್ಲ ಎಂದು ಕಂಪನಿ ಹೇಳಿಬಿಟ್ಟಿತ್ತು. ಜೊತೆಗೆ ಕೆಮ್ಮನ್ನು ಮಾತ್ರ ಕೊಟ್ಟು ಮನೆಗೆ ಕಳಿಸುತ್ತಾರೆ.

"ಅದಕ್ಕೇ ಈ ಯಾನ. ನನ್ನ ಬಾಲ್ಕನೀಲಿ ಅವಳು ಒಂದು ಸಂಜೆ ಕೂರ್ಬೇಕು. ಹಗಲಲ್ಲಿ ನೋಡ್ಬೇಕು. ಅದನ್ನ ಮಾಡಿಸಿಕೊಡಿ."

ಮಗಳು ತಾಯಿಯ ಮುಖವನ್ನೇ ನೋಡಿದಳು. ಚಿಕ್ಕಮ್ಮನ ಕಾಯಿಲೆಯ ಮಾತನ್ನು ಅವಳಿಗೂ ಯಾರೂ ಹೇಳಿರಲಿಲ್ಲ. ಫೋನನ್ನು ಮೆಲ್ಲಗೆ ಬ್ಯಾಗಿಗೆ ಇಳಿಸಿದಳು.

"ಆಗಲ್ಲಮ್ಮ," ಎಂದಳು ಏಜೆಂಟ್. "ಕೆಳಗಿನೋರು ಪ್ರಯಾಣಿಕರ ಕೋಣೆಗೆ ಕಾಲಿಡೋ ಹಾಗಿಲ್ಲ. ಕೆಲಸ ಇದ್ರೆ ಮಾತ್ರ..."

ತನ್ನ ಮಾತು ತನಗೇ ಕೇಳಿಸಿದವಳಂತೆ ಅವಳು ಮತ್ತೆ ನಕ್ಷೆಯತ್ತ ಬಾಗಿದಳು. ಆ ದೋಣಿಯ ಹಿಂದಿನ ಕೋಣೆಯಲ್ಲಿ ತಾನು ಮಲಗಿದ್ದ ಬಿಳಿ ಹಾಸಿಗೆ ನೆನಪಾಯಿತೋ ಏನೋ, ಅಂಗೈಯಿಂದ ಮೇಜನ್ನು ಒಮ್ಮೆ ಸವರಿದಳು. ಆಮೇಲೆ ಹಡಗಿನ ಕಂಪನಿಯ ನಂಬರು ಒತ್ತಿದಳು.

"ನಮಸ್ಕಾರ. ನನ್ನ ಗಿರಾಕಿಯೊಬ್ಬರ ಹತ್ರ ಹಳೇ ರೇಷ್ಮೆ ಶಾಲು ಇದೆ. ಮನೆತನದ್ದು. ಕಲೆ ಬಿದ್ದಿದೆ... ಇಲ್ಲ ಇಲ್ಲ, ಕೋಣೆ ಹುಡುಗರ ಕೈಗೆ ಕೊಡಲ್ಲ. ಒಗೆಯೋರೇ ಮೇಲೆ ಬರ್ಬೇಕು. ಹೆಸರು ಆಮೇಲೆ ಹೇಳ್ತೀನಿ, ಅವರೇ ಆಗ್ಬೇಕು. ಬಿಸಿಲಲ್ಲಿ, ಬಾಲ್ಕನೀಲಿ ಹಿಡಿದು ನೋಡ್ಬೇಕು... ನಿಯಮ ನಂಗೂ ಗೊತ್ತು ಸ್ವಾಮಿ. ವರ್ಷಕ್ಕೆ ನಿಮ್ಮ ಎಷ್ಟು ಕೋಣೆ ತುಂಬಿಸ್ತೀನಿ ಅನ್ನೋದೂ ಗೊತ್ತು."

"ಅಮ್ಮಾ," ಮಗಳು ಪಿಸುಗುಟ್ಟಿದಳು, "ನಿನ್ನ ಹತ್ರ ರೇಷ್ಮೆ ಶಾಲು ಎಲ್ಲಿದೆ?"

"ಕೊಂಡ್ಕೊಳ್ಳೋಣ. ಕಲೆ ನಾನು ಮಾಡ್ಕೋತೀನಿ. ತೆಗೆದು ತೆಗೆದು ಸಾಕಾಗಿದೆ."

ಏಜೆಂಟ್ ರಿಸೀವರಿಗೆ ಕೈ ಅಡ್ಡ ಹಿಡಿದು ತಿರುಗಿದಳು. ಕಣ್ಣುಗಳು ಹೊಳೆಯುತ್ತಿದ್ದವು. "ಒಪ್ಕೊಂಡ್ರು. ಕಲೆ ನೋಡೋಕೆ ಎಷ್ಟು ಹೊತ್ತು ಬೇಕಾಗ್ಬಹುದು ಅಂತ ಕೇಳ್ತಿದಾರೆ."

ತಾಯಿ ಗೋಡೆಯ ಚಿತ್ರದ ಕಡೆ ನೋಡಿದಳು. ಬಿಸಿಲು ಆಗಲೇ ಆ ನೀಲಿಯ ಅಂಚಿಗೆ ಸರಿದಿತ್ತು.

"ಹಳೇ ಕಲೆ, ತುಂಬ ದೊಡ್ಡದು ಅಂತ ಹೇಳಿ," ಎಂದಳು. "ಸೂರ್ಯ ಮುಳುಗೋವರೆಗೂ ನೋಡ್ಬೇಕಾಗುತ್ತೆ."