ಸೋಸಿದ ನೀರು

"ನಮ್ಮ ಅವ್ವಾನ ನಿನಗ ಇಲ್ಲಿ ಇರು ಅಂದಿದ್ದು ಖರೇನ ಆದ್ರ, ಒಂದ ತಂಬಿಗಿ ನೀರ ಕೊಡು, ನೋಡೂಣು," ಎಂದ ಅಭಯಕುಮಾರ. ಇಚಲಕರಂಜಿಯ ತಮ್ಮ ಮುಚ್ಚಿದ ಮಗ್ಗದ ಶೆಡ್ಡಿಗೆ ಹಾಕಲು ತಂದ ಹೊಸ ಬೀಗ ಅವನ ಕೈಯಲ್ಲಿತ್ತು. ಒಳಗೆ ಒಲೆ ಹೂಡಿದ್ದ ಸಾವಕ್ಕನ ಬಳಿ ಕಾಗದವಿರಲಿಲ್ಲ. ಸಾಕ್ಷಿ ಹೇಳಬೇಕಿದ್ದ ಅವನ ಅವ್ವ ತೀರಿಕೊಂಡು ತಿಂಗಳಾಗಿತ್ತು.

ಸಾವಕ್ಕ ಹಿತ್ತಲ ಬಾವಿಯಿಂದ ನೀರು ಸೇದಿ, ಬಟ್ಟೆಯನ್ನು ಎರಡು ಮಡಿಕೆ ಮಾಡಿ ಸೋಸಿ, ತಂಬಿಗೆಯನ್ನು ಅವನ ಮುಂದಿಟ್ಟಳು. ಅವನು ಮುಟ್ಟಲಿಲ್ಲ.

"ನಾವು ಜೈನರು ನೀರ ಸೋಸ್ತೀವಿ ಅನ್ನೂದು ಊರಿಗೇ ಗೊತ್ತೈತಿ. ಹತ್ತ ನಿಮಿಷದಾಗ ಸಾಮಾನ ಹೊರಗ ತಗಿ."

ಸಾವಕ್ಕ ಆ ಬಟ್ಟೆಯನ್ನು ಹಿಂಡದೆ ಕೊಡದ ನೀರಿನಲ್ಲಿ ಜಾಲಾಡಿ, ಆ ಕೊಡ ಹೊತ್ತು ಬಾವಿಗೆ ಹೋದಳು. ಕೊಡ ಕೆಳಗಿನ ನೀರಿಗೆ ತಾಗುವವರೆಗೂ ಹಗ್ಗ ಇಳಿಬಿಟ್ಟು, ಆಮೇಲಷ್ಟೇ ಮೆಲ್ಲಗೆ ಮುಳುಗಿಸಿದಳು.

"ಮ್ಯಾಲಿಂದ ಸುರವಿದ್ರ ಬಟ್ಯಾಗ ಸಿಕ್ಕ ಸಣ್ಣ ಹುಳಾ ಸಾಯ್ತಾವ್ರಿ," ಎಂದಳು, ತಿರುಗಿ ನೋಡದೆ. "ಅವ್ವಾರು ಭಾಳ ಬೈತಿದ್ರು."

ಅವ್ವ ಹೋದ ಮೇಲೆ ಅಭಯಕುಮಾರನ ಮನೆಯಲ್ಲಿ ಹೀಗೆ ಮಾಡುವವರು ಯಾರೂ ಉಳಿದಿರಲಿಲ್ಲ. ಅವನು ಬೀಗವನ್ನು ಕಟ್ಟೆಯ ಮೇಲಿಟ್ಟು, ಎರಡೂ ಕೈಯಿಂದ ತಂಬಿಗೆ ಎತ್ತಿಕೊಂಡ.