ಸ್ವಿಚ್ ಆರಿಸಿದ ಮೇಲೆ

ಚಿತ್ರಕಲಾ ಶಾಲೆಯ ಕೊನೆಯ ಪರೀಕ್ಷೆಗೆ ಎಲ್ಲರೂ ಕ್ಯಾನ್ವಾಸು ತಂದಿದ್ದರು. ಅವಳೊಬ್ಬಳು ತಾನೇ ಮಾಡಿದ ವಿಡಿಯೋ ಗೇಮ್ ತಂದಿದ್ದಳು. ಪರವೂರಿನಿಂದ ಬಂದ ಪರೀಕ್ಷಕರು ಮೌಸ್ ಹಿಡಿದಾಗ ಅವಳು ಕುರ್ಚಿಯ ಹಿಂದೆ ಸರಿದು ನಿಂತಳು. ಹೋದ ವರ್ಷ ಇದೇ ಮನುಷ್ಯ ಒಬ್ಬನ ಚಿತ್ರವನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ ಫೇಲು ಮಾಡಿದ್ದರು.

ತೆರೆಯ ಮೇಲೆ ಕತ್ತಲ ಮನೆ. ಹೊರಗೆ ಯಾರೋ ಬಾಗಿಲು ಬಡಿಯುತ್ತಾ ತಾಯಿಯ ದನಿಯಲ್ಲಿ ಕರೆಯುತ್ತಿದ್ದರು.

"ತೆಗೀಲಾ?"

"ಬೇಡ ಸರ್, ಅದು ದೆವ್ವ. ಸೀಮೆಸುಣ್ಣ ತಗೊಂಡು ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೀಬೇಕು. ಓದ್ಕೊಂಡು ವಾಪಸ್ ಹೋಗತ್ತೆ."

ಅವರು ಬಾಗಿಲು ತೆಗೆದೇಬಿಟ್ಟರು. ತೆರೆ ಕಪ್ಪಾಯಿತು. ಅವರು ಕುರ್ಚಿಯನ್ನು ಹಿಂದಕ್ಕೆ ತಳ್ಳಿದರು.

"ನೋಡಮ್ಮ," ಎಂದರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಮುಖ ಒರೆಸಿಕೊಳ್ಳುತ್ತಾ. "ಕಲೆ ಅಂದ್ರೆ ನೋಡಿದವನ ಜೊತೆ ಎದ್ದು ಬರ್ಬೇಕು. ಇದು ಬರೀ ಆಟ. ಸ್ವಿಚ್ ಆರಿಸಿದ್ರೆ ಮುಗೀತು."

"ಮೂರು ವರ್ಷ ಕೂತು ಮಾಡಿದೀನಿ ಸರ್."

"ಇದಕ್ಕೆ ನಾನು ಅಂಕ ಕೊಡಲ್ಲ," ಎಂದು ಅವರು ಹೊರಟುಹೋದರು.

ಅವಳು ಅಲ್ಲೇ ಕುಸಿದು ಕೂತಳು. ಅಪ್ಪನಿಗೆ ಏನು ಹೇಳುವುದೆಂದು ತೋಚಲಿಲ್ಲ. ಆಗ ಮೇಜಿನ ಮೇಲೆ ಅವರು ಮರೆತುಹೋದ ಕನ್ನಡಕ ಕಣ್ಣಿಗೆ ಬಿತ್ತು. ಅದನ್ನು ಕೊಡುವ ನೆಪದಲ್ಲಿ ಇನ್ನೊಮ್ಮೆ ಕೇಳಿಕೊಳ್ಳೋಣವೆಂದು, ಸಂಜೆ ಎದೆ ಗಟ್ಟಿ ಮಾಡಿಕೊಂಡು ಅವರು ಉಳಿದುಕೊಂಡಿದ್ದ ಅತಿಥಿಗೃಹಕ್ಕೆ ಹೋದಳು.

ಬಾಗಿಲು ಬಡಿಯಲು ಎತ್ತಿದ ಕೈ ಹಾಗೇ ನಿಂತಿತು. ಒಳಗಿನಿಂದ ಚಿಲಕ ಹಾಕಿತ್ತು, ಕಿಟಕಿಗಳೂ ಮುಚ್ಚಿದ್ದವು. ಬಾಗಿಲ ಮೇಲೆ, ಎರಡೂ ಕಿಟಕಿಗಳ ಮೇಲೆ, ಅವಸರದಲ್ಲಿ ಗೀಚಿದ ಸೀಮೆಸುಣ್ಣದ ಅಕ್ಷರಗಳಿದ್ದವು: ನಾಳೆ ಬಾ.