ತಿಂಡಿ ಆಯ್ತಾ?

ವಸತಿ ಪ್ರಾಧಿಕಾರ ಕೊಳೆಗೇರಿ ಕೆಡವಿ ಮೆಟ್ರೊ ನಿಲ್ದಾಣದ ನೆತ್ತಿಯ ಮೇಲೆ ಕಟ್ಟಿದ ಸಮುಚ್ಚಯದಲ್ಲಿ, ಉಳ್ಳವರು ಕೇಳಿದ ಪ್ರಶ್ನೆಗೆ ಇಲ್ಲದವರು ಉತ್ತರಿಸಿದರೆ ಮಾತ್ರ ಪ್ಲಾಟ್‌ಫಾರಂ ಬಾಗಿಲು ತೆರೆಯುತ್ತಿತ್ತು. ನೀಲವೇಣಿಯಂಥವರಿಗೆ ಅಲ್ಲಿ ಮನೆ ಸಿಕ್ಕಿದ್ದೇ ಅದಕ್ಕೆ. ಬೆಳಗಾದರೆ ಮೇಲಿನ ಮಹಡಿಯವರು ಅವಳ ಮುಂದೆ ನಿಂತು, ಫೋನು ನೋಡುತ್ತಲೇ “ತಿಂಡಿ ಆಯ್ತಾ?” ಎನ್ನುವರು. “ಆಯ್ತು” ಎಂದು ಅವಳು ಹೇಳುವಷ್ಟರಲ್ಲಿ ಒಳಗೆ ನುಗ್ಗಿರುವರು.

ಇಂದು ಪ್ರಾಧಿಕಾರದ ಎಂಜಿನಿಯರ್ ಅವಳ ಬಾಯಿಗೆ ಮೈಕು ಹಿಡಿದ.

“ಒಂದ್ಸಲ ‘ಆಯ್ತು’ ಅನ್ನಮ್ಮ. ಬಾಗಿಲು ಅದನ್ನೇ ನೆನಪಿಟ್ಕೊಳ್ಳತ್ತೆ. ನಾಳೆಯಿಂದ ನೀನು ಬಂದು ನಿಲ್ಲೋದು ಬೇಡ.”

“ನಿಲ್ಲೋದು ಬೇಡ ಅಂದ್ರೆ, ಮನೇನೂ ಬೇಡ ಅಂತಾನಾ ಸಾರ್?”

“ಊರಾಚೆ ಕೊಡ್ತೀವಿ. ಗಾಳಿ ಚೆನ್ನಾಗಿದೆ.”

ಹಿಂದಿನ ಸಾಲು ಗೊಣಗಿತು. ಹತ್ತನೇ ಮಹಡಿಯ ವಸುಮತಿ ಮುಂದೆ ಬಂದಳು. “ಬೇಗ ಹೇಳ್ಬಿಡಿ, ಲೇಟಾಗ್ತಿದೆ. ತಿಂಡಿ ಆಯ್ತಾ?”

“ನಿಮ್ಮನೇಲಿ ಏನು ಮಾಡಿದೀರಾ ಮೇಡಂ? ನಾನೂ ಬರ್ಲಾ?”

ಪ್ರಶ್ನೆ ಯಾರದೇ ಆದರೂ ಉತ್ತರ ಬರಲೇಬೇಕು; ಬಾಗಿಲು ಈಗ ವಸುಮತಿಯ ಉತ್ತರಕ್ಕೆ ಕಾಯತೊಡಗಿತು. ‘ಬನ್ನಿ’ ಎಂದಿದ್ದರೆ ಸಾಕಿತ್ತು. ಅವಳು ಹಿಂದಿನವರತ್ತ ತಿರುಗಿದಳು, ಅವರೆಲ್ಲ ಫೋನಿನತ್ತ ಬಾಗಿದರು. ರೈಲು ಬಂತು, ಹೋಯಿತು.